ಪಂಡಿತಾ ರಮಾಬಾಯಿಯವರ ಜೀವನ ಚರಿತ್ರೆ

ಮನುಷ್ಯನ ಆಯುಷ್ಯದಲ್ಲಿ ಸುಖದ ದಿನಗಳು ಬರುವಂತೆಯೇ ಮನಸ್ಸು ಕುಗ್ಗಿ, ಮುಂದಿನ ದಾರಿ ಕಾಣದೆ, ದೇವರು ತನ್ನನ್ನು ಮರೆತನೋ ಎಂಬ ಸಂಶಯವು ಹುಟ್ಟುವ ದಿನಗಳೂ ಬರುವುವು. ಅಂಥ ದಿನಗಳನ್ನು ಒಂದಲ್ಲ, ಹಲವು ಸಲ ಕಂಡು, ಕಡೆಗೆ ಕ್ರಿಸ್ತನ ಕೃಪೆಯಲ್ಲಿ ಕ್ಷಮೆಯನ್ನೂ ನಿರೀಕ್ಷೆಯನ್ನೂ ಪಡೆದು, ತಾವು ಪಡೆದುದನ್ನು ಸಾವಿರಾರು ಅನಾಥ ಸ್ತ್ರೀಯರಿಗೆ ಹಂಚಿದ ಪಂಡಿತಾ ರಮಾಬಾಯಿಯವರ ಚರಿತ್ರೆಯನ್ನು ನಮ್ಮ ಶಾಲೆಯ ಹಳೆಯ ವಿದ್ಯಾರ್ಥಿನಿಯರ ಹಾಗೂ ತಂದೆತಾಯಿಗಳ ಮುಂದೆ ಇಡಲು ನಾವು ಅಪೇಕ್ಷಿಸುತ್ತೇವೆ.

ಈ ಮಹಿಳೆಯನ್ನು ಪುಣೆಯವರೆಂದೇ ಬಹುಜನರು ತಿಳಿದಿರುವರು. ಆದರೆ ಅವರು ಹುಟ್ಟಿದ್ದು ಕನ್ನಡ ನೆಲದಲ್ಲಿ. ಖಾನಾಪುರ ತಾಲೂಕಿನ ಕಣಕುಂಬಿಯಲ್ಲಿ ನಮ್ಮ ಮಲಪ್ರಭೆಗೆ ಜನ್ಮವಿತ್ತ ಸಹ್ಯಾದ್ರಿಯೇ ದಕ್ಷಿಣಕ್ಕೆ ಸಾಗಿ ಗಂಗಾಮೂಲದಲ್ಲಿ ತುಂಗೆ, ಭದ್ರೆ, ನೇತ್ರಾವತಿಯರಿಗೂ ತೌರುಮನೆಯಾಗಿರುವುದು. ಆ ಗಂಗಾಮೂಲದ ಅರಣ್ಯದೊಳಗಿನ ಒಂದು ಆಶ್ರಮದಲ್ಲಿ 1858ನೆಯ ಇಸವಿಯ ಏಪ್ರಿಲ್ ತಿಂಗಳಲ್ಲಿ ರಮಾಬಾಯಿಯವರು ಜನಿಸಿದರು. ತಂದೆ ಅನಂತಶಾಸ್ತ್ರಿ ಡೋಂಗ್ರೆಯವರು ದೊಡ್ಡ ಸಂಸ್ಕೃತ ವಿದ್ವಾಂಸರು. ಸ್ತ್ರೀಯರಿಗೂ ವಿದ್ಯೆಯು ಸಲ್ಲತಕ್ಕದ್ದೆಂದು ನಂಬಿ ತಮ್ಮ ಪತ್ನಿ ಲಕ್ಷ್ಮೀಬಾಯಿಯವರಿಗೆ ಸಂಸ್ಕೃತವನ್ನು ಕಲಿಸಿದ್ದರಿಂದ ಅವರು ಜನರ ವಿರೋಧಕ್ಕೆ ಗುರಿಯಾಗಬೇಕಾಯಿತು. ಆ ತಾಯಿಯೇ ಮಗಳಿಗೆ ಗುರುವಾದರು.

ಮಗುವಿಗೆ ಆರು ತಿಂಗಳು ತುಂಬುವಷ್ಟರಲ್ಲಿ ಕುಟುಂಬವು ಆ ಮನೆಯನ್ನು ಬಿಟ್ಟಿತು. ಬೆತ್ತದ ಬುಟ್ಟಿಯಲ್ಲಿ ಮಗುವನ್ನಿಟ್ಟು ತಲೆಯ ಮೇಲೆ ಹೊತ್ತು ಬೆಟ್ಟವನ್ನಿಳಿಸಿದರಂತೆ. ಮುಂದೆ ಊರೂರು ತಿರುಗಿ, ಕ್ಷೇತ್ರಗಳಲ್ಲಿ ಪುರಾಣವನ್ನು ಓದಿ ಹೇಳಿ, ಬಂದ ದಕ್ಷಿಣೆಯಿಂದ ಜೀವಿಸುವುದೇ ಅವರ ವೃತ್ತಿಯಾಯಿತು. ಈ ಸಂಚಾರದಲ್ಲಿ ರಮಾಬಾಯಿಯವರು ಸಾವಿರಾರು ಶ್ಲೋಕಗಳನ್ನು ಕಂಠಪಾಠ ಮಾಡಿದರು. ಮನೆಮಾತಾದ ಮರಾಠಿಯಲ್ಲದೆ ಕನ್ನಡ ಮೊದಲಾದ ಭಾಷೆಗಳನ್ನೂ ಕಲಿತರು.

ಅಷ್ಟರಲ್ಲಿ ಮದ್ರಾಸು ಪ್ರಾಂತದಲ್ಲಿ ಕ್ಷಾಮವು ಬಿದ್ದಿತು. ಕೂಡಿಟ್ಟಿದ್ದ ಹಣವು ದಾನಧರ್ಮಗಳಲ್ಲಿಯೂ ವ್ರತಗಳಲ್ಲಿಯೂ ಖರ್ಚಾಯಿತು. ಆಭರಣ, ಪಾತ್ರೆಗಳು ಮಾರಾಟವಾದುವು. ಪಂಡಿತರ ಮನೆತನದವರು ಕೂಲಿ ಮಾಡುವುದು ಹೇಗೆಂಬ ಅಭಿಮಾನವು ಅವರ ಕೈಗಳನ್ನು ಕಟ್ಟಿಹಾಕಿತು. ಕಡೆಯ ಹಿಡಿ ಅಕ್ಕಿಯೂ ಮುಗಿದ ಮೇಲೆ, ಸಾಯುವುದಾದರೆ ಜನರ ಕಣ್ಣಿಗೆ ಬೀಳದೆ ಸಾಯೋಣವೆಂದು ತಿರುಪತಿಯ ಸಮೀಪದ ಕಾಡನ್ನು ಹೊಕ್ಕರು. ಹನ್ನೊಂದು ದಿವಸ ನೀರು, ಎಲೆ, ಕಾಡುಹಣ್ಣುಗಳೇ ಅವರ ಆಹಾರವಾದುವು. ಕಣ್ಣು ಮಂಜಾಗಿದ್ದ ವೃದ್ಧ ತಂದೆಯು ತೀರ್ಥದಲ್ಲಿ ಮುಳುಗಿ ದೇಹವನ್ನು ಬಿಡಲು ನಿಶ್ಚಯಿಸಿದಾಗ ಮಗ ಶ್ರೀನಿವಾಸನು, ಕುಲದ ಅಭಿಮಾನವನ್ನು ಬಿಟ್ಟು ಕೂಲಿಯನ್ನಾದರೂ ಮಾಡಿ ಎಲ್ಲರನ್ನೂ ಸಾಕುವೆನೆಂದು ಹೇಳಿ ತಡೆದನು. ಆದರೆ ಕಾಲವು ಮೀರಿತ್ತು. 1874ರಲ್ಲಿ ತಂದೆಯು ಮಗಳನ್ನು ದೇವರ ಕೈಗೆ ಒಪ್ಪಿಸಿ ಪ್ರಾಣಬಿಟ್ಟರು.

ಕೆಲವೇ ದಿನಗಳಲ್ಲಿ ತಾಯಿಯೂ ಹಾಸಿಗೆ ಹಿಡಿದರು. ತಾಯಿಯ ಸಂಕಟವನ್ನು ನೋಡಲಾರದೆ ಹದಿನಾರರ ಹುಡುಗಿಯು ನೆರೆಯ ಮನೆಯ ಬಾಗಿಲಲ್ಲಿ ಒಂದು ತುಂಡು ಸಜ್ಜೆಯ ರೊಟ್ಟಿಗಾಗಿ ನಿಂತಳು. ಬೇಡಲು ನಾಲಗೆಯು ಏಳಲಿಲ್ಲ, ಕಣ್ಣೀರೇ ಬೇಡಿತು. ಆ ಮನೆಯಾಕೆಯು ಕನಿಕರದಿಂದ ರೊಟ್ಟಿಯನ್ನು ಕೊಟ್ಟಳು. ಆದರೆ ಅದನ್ನು ತಿನ್ನುವ ಶಕ್ತಿಯು ತಾಯಿಗೆ ಉಳಿದಿರಲಿಲ್ಲ. ತಾಯಿಯ ಹಿಂದೆ ಅಕ್ಕನೂ ತೀರಿಕೊಂಡಳು.

ಉಳಿದ ಅಣ್ಣತಂಗಿಯರು ಸಾವಿರಾರು ಮೈಲು ನಡೆದರು. ಪಂಜಾಬದ ಝೇಲಮ್ ನದಿಯ ದಂಡೆಯಲ್ಲಿ ಹೊದೆಯಲು ಬಟ್ಟೆಯಿಲ್ಲದೆ, ಗೋರಿಯಂಥ ಗುಂಡಿಗಳನ್ನು ತೋಡಿ, ಒಣ ಉಸುಕನ್ನು ಮೈಮೇಲೆ ಎಳೆದುಕೊಂಡು ಚಳಿಯ ರಾತ್ರಿಗಳನ್ನು ಕಳೆದರು. ಅಷ್ಟು ಪೂಜೆ, ಅಷ್ಟು ಉಪವಾಸ, ಅಷ್ಟು ಯಾತ್ರೆಗಳ ಫಲವು ಇದೇ ಏನು ಎಂಬ ಪ್ರಶ್ನೆಯು ಅವರ ನಂಬಿಕೆಯ ಬೇರನ್ನೇ ಅಲುಗಿಸಿತು. 1878ರಲ್ಲಿ ಕಲಕತ್ತೆಯನ್ನು ಸೇರಿದಾಗ ಅಲ್ಲಿಯ ವಿದ್ವಾಂಸರು ಈ ತರುಣಿಯ ಪಾಂಡಿತ್ಯಕ್ಕೆ ಬೆರಗಾಗಿ ಪಂಡಿತಾ, ಸರಸ್ವತಿ ಎಂಬ ಬಿರುದುಗಳಿಂದ ಗೌರವಿಸಿದರು. ಹೊರಗೆ ಕೀರ್ತಿಯು ಬೆಳೆಯಿತು. ಒಳಗೆ ಶೂನ್ಯವು ಹಾಗೆಯೇ ಉಳಿಯಿತು.

1880ರಲ್ಲಿ ಅಣ್ಣನೂ ತೀರಿಕೊಂಡನು. ಅದೇ ವರ್ಷ ಬಂಗಾಲದ ವಕೀಲರಾದ ಬಿಪಿನ್ ಬಿಹಾರೀ ಮೇಧಾವಿಯವರನ್ನು ಜಾತಿಯ ಕಟ್ಟನ್ನು ಮೀರಿ ವಿವಾಹವಾಗಿ ಸಿಲ್ಚಾರಿನಲ್ಲಿ ಸಂಸಾರವನ್ನು ಹೂಡಿದರು. ಬಂಗಾಲಿಯಲ್ಲಿ ಅಚ್ಚಾದ ಲೂಕನ ಸುವಾರ್ತೆಯ ಪುಟ್ಟ ಪ್ರತಿಯು ಅವರ ಕೈಗೆ ಸಿಕ್ಕಿದ್ದು ಆ ಮನೆಯಲ್ಲಿಯೇ. 1881ರಲ್ಲಿ ಮನೋರಮೆಯು ಹುಟ್ಟಿದಳು. 1882ರ ಫೆಬ್ರುವರಿಯಲ್ಲಿ ಪತಿಯು ವಾಂತಿಭೇದಿಗೆ ತುತ್ತಾದರು. ಇಪ್ಪತ್ನಾಲ್ಕು ತುಂಬುವುದರೊಳಗೆ ರಮಾಬಾಯಿಯವರು ತಂದೆ, ತಾಯಿ, ಅಕ್ಕ, ಅಣ್ಣ, ಪತಿ ಎಲ್ಲರನ್ನೂ ಕಳೆದುಕೊಂಡು, ಹಸುಗೂಸನ್ನು ಎತ್ತಿಕೊಂಡ ವಿಧವೆಯಾಗಿ ಪುಣೆಗೆ ಬಂದರು. ಅಲ್ಲಿ ಆರ್ಯ ಮಹಿಳಾ ಸಮಾಜವನ್ನು ಸ್ಥಾಪಿಸಿ, ಹಂಟರ್ ಆಯೋಗದ ಮುಂದೆ ಸ್ತ್ರೀಶಿಕ್ಷಣದ ಪರವಾಗಿ ಸಾಕ್ಷ್ಯವನ್ನು ನುಡಿದರು.

1883ರಲ್ಲಿ ಅವರು ಇಂಗ್ಲೆಂಡಿಗೆ ಹೋಗಿ ವಾಂಟೇಜಿನಲ್ಲಿ ಕ್ರೈಸ್ತ ಸನ್ಯಾಸಿನಿಯರ ಆಶ್ರಯದಲ್ಲಿ ಉಳಿದರು. ಆ ಸನ್ಯಾಸಿನಿಯರು ಲಂಡನ್ನಿನಲ್ಲಿ ದಾರಿತಪ್ಪಿದ ಸ್ತ್ರೀಯರಿಗಾಗಿ ಒಂದು ಗೃಹವನ್ನು ನಡೆಸುತ್ತಿದ್ದರು. ಲೋಕವು ಹೊರಗೆ ತಳ್ಳಿದ ಸ್ತ್ರೀಯರನ್ನು ಅಲ್ಲಿ ಪ್ರೀತಿಯಿಂದ ಕೈಹಿಡಿದೆತ್ತುವುದನ್ನು ಕಂಡು ರಮಾಬಾಯಿಯವರು ವಿಸ್ಮಿತರಾದರು. ಇದಕ್ಕೆ ಕಾರಣವನ್ನು ವಿಚಾರಿಸಲು, ಯೇಸುಸ್ವಾಮಿಯು ಬಾವಿಯ ಬಳಿಯಲ್ಲಿ ಸಮಾರ್ಯದ ಸ್ತ್ರೀಯೊಡನೆ ಮಾತನಾಡಿದ ವೃತ್ತಾಂತವನ್ನು ಅವರಿಗೆ ಓದಿ ಹೇಳಿದರು. ಪಾಪಿಯೆಂದು ಹೀಯಾಳಿಸದೆ ಜೀವಜಲವನ್ನು ಕೊಡುವ ಇಂಥ ರಕ್ಷಕನೊಬ್ಬನೇ ಸ್ತ್ರೀಯರನ್ನು ಮೇಲೆತ್ತಬಲ್ಲನೆಂದು ಅವರಿಗೆ ತೋರಿತು. ಆ ವರ್ಷದ ಸೆಪ್ಟೆಂಬರ್ 29ರಂದು ತಾಯಿಮಗಳಿಬ್ಬರೂ ದೀಕ್ಷಾಸ್ನಾನವನ್ನು ಹೊಂದಿದರು.

1886ರಲ್ಲಿ ಅಮೇರಿಕೆಗೆ ಹೋಗಿ, ಹಿಂದೂ ವಿಧವೆಯರ ಸ್ಥಿತಿಯನ್ನು ಅಲ್ಲಿಯ ಜನರಿಗೆ ಗ್ರಂಥರೂಪದಲ್ಲಿ ತಿಳಿಸಿ, ಸಹಾಯವನ್ನು ಸಂಪಾದಿಸಿ ಮರಳಿದರು. 1889ರ ಮಾರ್ಚ್ 11ರಂದು ಮುಂಬಯಿಯಲ್ಲಿ ವಿಧವೆಯರಿಗಾಗಿ ಶಾರದಾ ಸದನವನ್ನು ತೆರೆದರು. ಮರುವರ್ಷ ಅದು ಪುಣೆಗೆ ಬಂದಿತು.

ಇಲ್ಲಿ ವಾಚಕರು ಒಂದು ಸಂಗತಿಯನ್ನು ವಿಶೇಷವಾಗಿ ಲಕ್ಷಿಸಬೇಕು. ದೀಕ್ಷಾಸ್ನಾನವಾಗಿ ಎಂಟು ವರ್ಷಗಳು ಕಳೆದರೂ ರಮಾಬಾಯಿಯವರ ಮನಸ್ಸಿಗೆ ಸಮಾಧಾನವಿರಲಿಲ್ಲ. ಕ್ರೈಸ್ತಧರ್ಮವನ್ನು ಬುದ್ಧಿಯಿಂದ ಒಪ್ಪಿದ್ದರು, ಸಭೆಯನ್ನು ಸೇರಿದ್ದರು, ಸತ್ಕಾರ್ಯಗಳಲ್ಲಿ ಹಗಲಿರುಳು ದುಡಿಯುತ್ತಿದ್ದರು. ಆದಾಗ್ಯೂ ತಮ್ಮ ಪಾಪದ ಭಾರವು ಇಳಿಯಿತೆಂಬ ನಿಶ್ಚಯವು ಅವರಿಗೆ ಹುಟ್ಟಿರಲಿಲ್ಲ. 1891ರ ಸುಮಾರಿಗೆ ಹ್ಯಾಸ್ಲಮ್ ಎಂಬ ಇಂಗ್ಲಿಷ್ ಪಾದ್ರಿಯ ಆತ್ಮಕಥೆಯನ್ನು ಓದುತ್ತಿರುವಾಗ ಅವರ ಕಣ್ಣು ತೆರೆಯಿತು. ತಾವು ಧರ್ಮವನ್ನು ಕಂಡುಕೊಂಡರೇ ಹೊರತು ಆ ಧರ್ಮದ ಪ್ರಾಣವಾದ ಕ್ರಿಸ್ತನನ್ನು ಕಂಡುಕೊಳ್ಳಲಿಲ್ಲವೆಂದು ಅರಿತರು. ಕ್ಷಮೆಯು ವ್ರತದ ಫಲವಲ್ಲ, ಪಾಂಡಿತ್ಯದ ಫಲವಲ್ಲ, ಸೇವೆಯ ಕೂಲಿಯೂ ಅಲ್ಲ. ಕೈಚಾಚಿದವರಿಗೆ ಬೆಲೆಯಿಲ್ಲದೆ ದೊರೆಯುವ ದಾನವದು. ಇದನ್ನು ನಂಬಿ ತಮ್ಮನ್ನು ಒಪ್ಪಿಸಿಕೊಟ್ಟ ದಿವಸ ಅವರ ಹೃದಯದಲ್ಲಿ ಹಿಂದೆಂದೂ ಕಾಣದ ಆನಂದವು ತುಂಬಿತು.

ಈ ಆನಂದವು ಕಷ್ಟಗಳನ್ನು ದೂರಮಾಡಿತೆಂದು ಯಾರೂ ತಿಳಿಯಬಾರದು. 1893ರಲ್ಲಿ, ಮಕ್ಕಳು ಕ್ರೈಸ್ತರಾಗುವರೆಂಬ ಭಯದಿಂದ ಅನೇಕ ಪಾಲಕರು ತಮ್ಮ ಹೆಣ್ಣುಮಕ್ಕಳನ್ನು ಸದನದಿಂದ ಬಿಡಿಸಿಕೊಂಡು ಹೋದರು. ಪೂರ್ವದ ಮಿತ್ರರು ದೂರವಾದರು. ಆದರೆ ರಮಾಬಾಯಿಯವರು ಧೈರ್ಯವನ್ನು ಬಿಡಲಿಲ್ಲ. 1896ರಲ್ಲಿ ಮಧ್ಯಪ್ರಾಂತದಲ್ಲಿ ಕ್ಷಾಮವು ತಲೆದೋರಿದ ವರ್ತಮಾನವು ಬಂದಾಗ ಇಪ್ಪತ್ತೆರಡು ವರ್ಷಗಳ ಹಿಂದಿನ ಆ ಕಾಡೂ ಆ ತುಂಡು ರೊಟ್ಟಿಯೂ ಅವರ ಕಣ್ಣಮುಂದೆ ನಿಂತುವು. ಯಾವ ನೆನಪು ಅವರನ್ನು ಮುರಿದು ಹಾಕಬಹುದಾಗಿತ್ತೋ ಅದೇ ನೆನಪು ಅವರನ್ನು ಎಬ್ಬಿಸಿ ನಡೆಸಿತು. ತಾವೇ ಹೋಗಿ ಮುನ್ನೂರರಷ್ಟು ಹಸಿದ ಹೆಣ್ಣುಮಕ್ಕಳನ್ನು ಕರೆತಂದರು. ಪುಣೆಯ ಹತ್ತಿರ ಕೇಡಗಾಂವದಲ್ಲಿ ಹಣ್ಣಿನ ತೋಟಕ್ಕೆಂದು ಕೊಂಡಿದ್ದ ಸುಮಾರು ನೂರು ಎಕರೆ ಭೂಮಿಯಲ್ಲಿ ಮುಕ್ತಿ ಸದನವು ಎದ್ದಿತು. 1900ರ ಗುಜರಾಥದ ಕ್ಷಾಮದ ತರುವಾಯ ಅಲ್ಲಿ ಎರಡು ಸಾವಿರದಷ್ಟು ಜನರು ಆಶ್ರಯವನ್ನು ಪಡೆದರು. ಓದುಬರಹದೊಡನೆ ನೇಯ್ಗೆ, ಬೇಸಾಯ, ಅಚ್ಚಿನ ಕೆಲಸಗಳನ್ನು ಅವರು ಕಲಿತರು. ಪತಿತೆಯರೆಂದು ಜನರು ದೂರಮಾಡಿದವರಿಗಾಗಿ ಕೃಪಾ ಸದನವಾಯಿತು. ಕುರುಡರಿಗೂ ಪ್ರತ್ಯೇಕ ಮನೆಯಾಯಿತು. ಲಂಡನ್ನಿನಲ್ಲಿ ಕಂಡ ಕರುಣೆಯು ಹೀಗೆ ನಮ್ಮ ದೇಶದ ಮಣ್ಣಿನಲ್ಲಿ ಬೇರುಬಿಟ್ಟಿತು.

ಕನ್ನಡನಾಡಿಗೂ ಈ ಸೇವೆಯ ಪಾಲು ಬಂದಿತು. ಮಗಳು ಮನೋರಮಾಬಾಯಿಯವರ ನೆರವಿನಿಂದ 1912ರ ಸುಮಾರಿಗೆ, ಆಗ ನಿಜಾಮರ ರಾಜ್ಯದಲ್ಲಿದ್ದ ಕಲಬುರಗಿಯಲ್ಲಿ, ಹೆಣ್ಣುಮಕ್ಕಳಿಗಾಗಿ ಕ್ರೈಸ್ತ ಶಾಲೆಯು ಸ್ಥಾಪಿತವಾಯಿತು. ಬೆಳಗಾವಿಯಲ್ಲಿ 1820ರಲ್ಲಿ ಲಂಡನ್ ಮಿಷನ್ನಿನ ಜೋಸೆಫ್ ಟೇಲರ್ ಸಾಹೇಬರು ಆರಂಭಿಸಿ, 1904ರಲ್ಲಿ ಮೆಥೊಡಿಸ್ಟ್ ಮಿಷನ್ನಿನವರು ಕೈಗೊಂಡ ಕಾರ್ಯವನ್ನು ಬಲ್ಲವರಿಗೆ, ಹೆಣ್ಣುಮಗುವಿನ ಕೈಯಲ್ಲಿ ಪುಸ್ತಕವನ್ನಿಡುವುದು ಆ ಕಾಲದಲ್ಲಿ ಎಷ್ಟು ಕಷ್ಟದ ಕೆಲಸವಾಗಿತ್ತೆಂಬುದನ್ನು ನಾವು ವಿವರಿಸಬೇಕಾಗಿಲ್ಲ.

ಕಡೆಯ ವರ್ಷಗಳಲ್ಲಿ ರಮಾಬಾಯಿಯವರ ಕಿವಿಯು ಬಹಳ ಮಂದವಾಯಿತು. ಆದರೂ ಹೀಬ್ರೂ, ಗ್ರೀಕ್ ಭಾಷೆಗಳನ್ನು ಕಲಿತು, ಸಾಮಾನ್ಯ ಸ್ತ್ರೀಯರಿಗೆ ತಿಳಿಯುವ ಮರಾಠಿಯಲ್ಲಿ ಸತ್ಯವೇದವನ್ನು ಭಾಷಾಂತರಿಸುವ ಕಾರ್ಯದಲ್ಲಿ ತೊಡಗಿದರು. 1921ರ ಜುಲೈಯಲ್ಲಿ ಏಕಮಾತ್ರ ಪುತ್ರಿಯಾದ ಮನೋರಮಾಬಾಯಿಯವರು ಸ್ವರ್ಗಸ್ಥರಾದರು. ಈ ಕಡೆಯ ಪೆಟ್ಟನ್ನೂ ತಾಳಿಕೊಂಡು, ಭಾಷಾಂತರದ ಕೆಲಸವನ್ನು ಬಿಡದೆ ನಡೆಸಿ, 1922ರ ಏಪ್ರಿಲ್ 5ರಂದು ರಮಾಬಾಯಿಯವರು ಕರ್ತನಲ್ಲಿ ನಿದ್ರಿಸಿದರು. ಅವರು ನೆಟ್ಟ ಮುಕ್ತಿ ಸದನವು ಇಂದಿಗೂ ಅನಾಥರಿಗೆ ನೆರಳಾಗಿದೆ.

ಪ್ರಿಯ ಸಹೋದರಿಯರೇ, ಮಾನ್ಯ ತಂದೆತಾಯಿಗಳೇ, ರಮಾಬಾಯಿಯವರ ವ್ಯಥೆಗೆ ವೈದ್ಯಶಾಸ್ತ್ರದ ಹೆಸರನ್ನು ಕೊಡುವ ಅಧಿಕಾರವು ನಮಗಿಲ್ಲ. ಆದರೆ ಮನಸ್ಸು ಕುಗ್ಗಿದವರು ಅನೇಕ ವೇಳೆ ತಮ್ಮನ್ನು ತಾವೇ ಅಪರಾಧಿಗಳೆಂದು ಭಾವಿಸುವರೆಂಬುದನ್ನು ನಾವು ಬಲ್ಲೆವು. ಮನೆಯಲ್ಲಿ ಮಗಳೊಬ್ಬಳು ಊಟವನ್ನು ಬಿಟ್ಟು, ಮಾತನ್ನು ಬಿಟ್ಟು, ಮೂಲೆಯನ್ನು ಹಿಡಿದರೆ ಅದನ್ನು ಸೋಮಾರಿತನವೆಂದಾಗಲಿ ಭಕ್ತಿಯ ಕೊರತೆಯೆಂದಾಗಲಿ ಗದರಿಸಬಾರದು. ಜ್ವರ ಬಂದವರನ್ನು ವೈದ್ಯರಲ್ಲಿಗೆ ಕರೆದೊಯ್ಯುವಂತೆ ಅವಳನ್ನೂ ಕರೆದೊಯ್ಯಬೇಕು. ಪ್ರಾರ್ಥನೆಯು ವೈದ್ಯಕ್ಕೆ ವಿರೋಧವಲ್ಲ. ಎಲ್ಲಕ್ಕಿಂತ ಮೊದಲು ಅವಳ ಬಳಿಯಲ್ಲಿ ಕುಳಿತು ಅವಳ ಮಾತನ್ನು ಕೇಳಬೇಕು. ದೀಕ್ಷಾಸ್ನಾನದ ತರುವಾಯ ಎಂಟು ವರ್ಷ ಸಮಾಧಾನವನ್ನು ಅರಸಿದ ರಮಾಬಾಯಿಯವರನ್ನು ದೇವರು ಕೈಬಿಡಲಿಲ್ಲ. ನಿಧಾನವಾಗಿ ಗುಣವಾಗುವವರನ್ನು ನಾವೂ ಕೈಬಿಡತಕ್ಕದ್ದಲ್ಲ.

ನಮ್ಮ ಶಾಲೆಯಿಂದ ಹೊರಟು ಬೆಳಗಾವಿಯಲ್ಲಿಯೂ ಖಾನಾಪುರದ ಹಳ್ಳಿಗಳಲ್ಲಿಯೂ ದೂರದೇಶಗಳಲ್ಲಿಯೂ ನೆಲೆಸಿರುವ ಸಹೋದರಿಯರಲ್ಲಿ ಯಾರಾದರೂ ಇಂದು ಅಂಥ ಕತ್ತಲೆಯಲ್ಲಿ ನಡೆಯುತ್ತಿದ್ದರೆ, ಕ್ಷಮೆಯು ಅವರ ಸಮೀಪದಲ್ಲಿಯೇ ಇದೆ ಎಂಬ ಭರವಸೆಯನ್ನು ದಯಾಮಯನಾದ ದೇವರು ಅನುಗ್ರಹಿಸಲೆಂದೂ, ಅವರ ಕೈಹಿಡಿಯುವ ಮನಸ್ಸನ್ನು ನಮ್ಮೆಲ್ಲರಿಗೂ ಕೊಡಲೆಂದೂ ಪ್ರಾರ್ಥಿಸುತ್ತೇವೆ.