ನ್ಯಾಯಮೂರ್ತಿ ರಾನಡೆ ಮತ್ತು ಮುಂಬಯಿ ವಿದ್ಯಾಪೀಠ

ಮುಂಬಯಿಗೆ ಬಂದ ಕನ್ನಡಿಗರಲ್ಲಿ ರಾಜಾಬಾಯಿ ಗೋಪುರವನ್ನು ತಲೆಯೆತ್ತಿ ನೋಡದವರು ವಿರಳ. ಆದರೆ 1878ರಲ್ಲಿ ಆ ಗೋಪುರ ಪೂರ್ಣವಾಗುವುದಕ್ಕೆ ಎಷ್ಟೋ ಮೊದಲೇ ವಿದ್ಯಾಪೀಠದ ಪದವಿ ಪಡೆದ ಮಹಾದೇವ ಗೋವಿಂದ ರಾನಡೆಯವರಿಗೂ ನಮ್ಮ ನುಡಿಗೂ ಇರುವ ನಂಟನ್ನು ಬಲ್ಲವರು ಇನ್ನೂ ವಿರಳ.

ರಾನಡೆಯವರು 1842ನೆಯ ಇಸವಿ ಜನವರಿ 18ರಂದು ನಾಸಿಕ ಜಿಲ್ಲೆಯ ನಿಫಾಡದಲ್ಲಿ ಜನಿಸಿದರು. ಬಾಲ್ಯವನ್ನು ಕೊಲ್ಲಾಪುರದಲ್ಲಿ ಕಳೆದು, ಹದಿನಾಲ್ಕನೆಯ ವಯಸ್ಸಿನಲ್ಲಿ ಓದಿಗಾಗಿ ಮುಂಬಯಿಯ ಎಲ್ಫಿನ್‌ಸ್ಟನ್ ವಿದ್ಯಾಲಯಕ್ಕೆ ಬಂದರು. ಮರುವರ್ಷ, 1857ರ ಜುಲೈ 18ರಂದು, ಮುಂಬಯಿ ವಿದ್ಯಾಪೀಠ ಸ್ಥಾಪನೆಯಾಯಿತು. 1859ರಲ್ಲಿ ನಡೆದ ಮೊದಲ ಪ್ರವೇಶ ಪರೀಕ್ಷೆಯಲ್ಲಿ ತೇರ್ಗಡೆಯಾದ ಕೆಲವೇ ಮಂದಿಯಲ್ಲಿ ಅವರೂ ಒಬ್ಬರು. 1862ರಲ್ಲಿ ಬಿ.ಎ. ಪದವಿ ಪಡೆದ ಮೊದಲ ತಂಡದಲ್ಲಿದ್ದವರು ನಾಲ್ವರು: ರಾನಡೆ, ರಾಮಕೃಷ್ಣ ಗೋಪಾಲ ಭಾಂಡಾರಕರ, ವಾಮನ ಆಬಾಜಿ ಮೋಡಕ ಮತ್ತು ಬಾಳ ಮಂಗೇಶ ವಾಗಳೆ. 1866ರಲ್ಲಿ ಕಾಯಿದೆಯ ಪದವಿಯೂ ದೊರೆಯಿತು. ಹಗಲಿರುಳಿನ ಓದಿನಿಂದ ಅವರ ಕಣ್ಣು ಕೆಟ್ಟಿತು. ಬ್ರಿಟಿಷರ ಆಳ್ವಿಕೆಯನ್ನು ಮರಾಠರ ಆಳ್ವಿಕೆಯೊಡನೆ ಹೋಲಿಸಿ ಬರೆದ ಒಂದು ಪ್ರಬಂಧಕ್ಕಾಗಿ ವಿದ್ಯಾರ್ಥಿವೇತನವನ್ನು ಆರು ತಿಂಗಳು ಕಳೆದುಕೊಂಡರು.

1871ರಲ್ಲಿ ಪುಣೆಯಲ್ಲಿ ನ್ಯಾಯಾಧೀಶರಾದ ಅವರು 1893ರಲ್ಲಿ ಮುಂಬಯಿ ಹೈಕೋರ್ಟಿನ ನ್ಯಾಯಮೂರ್ತಿಗಳಾದರು. ಅವರ ಬಾಳಿನಲ್ಲಿ ಕುಂದಿರಲಿಲ್ಲವೆಂದಲ್ಲ. ವಿಧವಾ ವಿವಾಹದ ಪಕ್ಷಪಾತಿಯಾಗಿದ್ದೂ, ಮೊದಲ ಪತ್ನಿ ತೀರಿಕೊಂಡ ಮೇಲೆ 1873ರಲ್ಲಿ ತಂದೆಯ ಒತ್ತಾಯಕ್ಕೆ ಮಣಿದು ಎಳೆಯ ಬಾಲಿಕೆಯೊಬ್ಬಳ ಕೈಹಿಡಿದರು. ಗೆಳೆಯರು ನೊಂದರು, ವಿರೋಧಿಗಳು ನಕ್ಕರು. ಆದರೆ ಆ ಬಾಲಿಕೆಗೆ ಅವರೇ ಅಕ್ಷರ ಕಲಿಸಿದರು. ಆಕೆಯೇ ಮುಂದೆ ಪುಣೆಯ ಸೇವಾಸದನವನ್ನು ಬೆಳೆಸಿದ ರಮಾಬಾಯಿ ರಾನಡೆ.

ಇನ್ನು ನಮ್ಮ ನುಡಿಯ ಸಂಗತಿ. ಮುಂಬಯಿ ವಿದ್ಯಾಪೀಠದ ವ್ಯಾಪ್ತಿ ಆಗ ಸಿಂಧದಿಂದ ಕಾರವಾರದವರೆಗೆ ಹಬ್ಬಿತ್ತು. ಧಾರವಾಡ, ಬೆಳಗಾವಿ, ವಿಜಾಪುರಗಳೂ ಅದರೊಳಗೇ. ಧಾರವಾಡದಲ್ಲಿ ಕರ್ನಾಟಕ ಕಾಲೇಜು ತೆರೆದದ್ದು 1917ರಲ್ಲಿ. ಅದಕ್ಕೆ ಮುಂಚೆ ಆ ಭಾಗದ ಹುಡುಗರು ಉಚ್ಚ ಶಿಕ್ಷಣಕ್ಕೆ ಬುತ್ತಿ ಕಟ್ಟಿಕೊಂಡು ಪುಣೆಗೋ ಮುಂಬಯಿಗೋ ಹೊರಡಬೇಕಾಗಿತ್ತು. ಆದರೆ ಇಲ್ಲಿಗೆ ಬಂದರೆ ತಾಯ್ನುಡಿಗೆ ಪದವಿಯ ಪರೀಕ್ಷೆಯಲ್ಲಿ ಎಡೆಯಿಲ್ಲ. ಆರಂಭದ ಕೆಲವು ವರ್ಷ ದೇಶಭಾಷೆಗಳಿಗೆ ಇದ್ದ ಸ್ಥಾನವನ್ನು 1860ರ ದಶಕದಲ್ಲಿಯೇ ಸಂಸ್ಕೃತ, ಲ್ಯಾಟಿನ್ ಮುಂತಾದ ಪ್ರಾಚೀನ ಭಾಷೆಗಳಿಗೆ ಬಿಟ್ಟುಕೊಡಲಾಗಿತ್ತು.

ಇದು ರಾನಡೆಯವರಿಗೆ ಸರಿಬೀಳಲಿಲ್ಲ. ವಿದ್ಯಾವಂತನ ತಿಳಿವು ಅವನ ಮನೆಮಾತಿಗೆ ಇಳಿಯದಿದ್ದರೆ ಅದು ಜನರಿಗೆ ಮುಟ್ಟದೆಂದು ಅವರು ನಂಬಿದ್ದರು. ದೇಶಭಾಷೆಗಳಲ್ಲಿ ಪರೀಕ್ಷೆಗೆ ತಕ್ಕ ಸಾಹಿತ್ಯವೆಲ್ಲಿದೆ ಎಂಬ ಆಕ್ಷೇಪಕ್ಕೆ ಅವರು ಬರಿಯ ಅಭಿಮಾನದಿಂದ ಉತ್ತರಿಸಲಿಲ್ಲ. ಮರಾಠಿಯಲ್ಲಿ ಅಚ್ಚಾದ ಪುಸ್ತಕಗಳ ಲೆಕ್ಕ ತೆಗೆದು, ಅದರ ಬೆಳವಣಿಗೆಯ ಮೇಲೆ 1898ರಲ್ಲಿ ಟಿಪ್ಪಣಿ ಬರೆದರು. ವಿದ್ಯಾಪೀಠದ ಸಭೆಯಲ್ಲಿ ವಾದವನ್ನು ಬಿಡದೆ ಮುಂದುವರಿಸಿದರು. ಬಾಳಿನ ಕೊನೆಗೆ ಅದು ಫಲಿಸಿತು: ಎಂ.ಎ. ಪರೀಕ್ಷೆಯಲ್ಲಿ ದೇಶಭಾಷೆಗಳಿಗೆ ಎಡೆ ದೊರೆಯಿತು. ಆ ಬಾಗಿಲು ಮರಾಠಿಗೆ ಮಾತ್ರ ತೆರೆಯಲಿಲ್ಲ. 1901ರ ಜನವರಿ 16ರಂದು, ಐವತ್ತೊಂಬತ್ತು ತುಂಬಲು ಎರಡು ದಿನವಿರುವಾಗ, ಅವರು ತೀರಿಕೊಂಡರು.

1949ರಲ್ಲಿ ಕರ್ನಾಟಕ ವಿಶ್ವವಿದ್ಯಾಲಯ ಸ್ಥಾಪನೆಯಾಗಿ ನಮ್ಮ ಜಿಲ್ಲೆಗಳು ಬೇರೆಯಾದವು. ಕನ್ನಡ ಮಾತ್ರ ಮುಂಬಯಿ ವಿದ್ಯಾಪೀಠವನ್ನು ಬಿಟ್ಟು ಹೋಗಲಿಲ್ಲ. ಇಂದು ಕಲೀನಾದ ವಿದ್ಯಾನಗರಿಯಲ್ಲಿ ಕನ್ನಡ ವಿಭಾಗವಿದೆ. ಅದು ಇರುವ ಕಟ್ಟಡದ ಹೆಸರು ರಾನಡೆ ಭವನ. ಕನ್ನಡಿಗರಲ್ಲದವರೊಬ್ಬರು ತಮ್ಮ ನುಡಿಯೊಡನೆ ನೆರೆಯವರ ನುಡಿಗೂ ನ್ಯಾಯ ದೊರಕಿಸಿದರು. ಅಲ್ಲಿನ ಬೆಂಚುಗಳನ್ನು ತುಂಬುವುದು ಮಾತ್ರ ನಮ್ಮ ಮನೆಗಳ ಕೆಲಸ. ಮನೆಯಲ್ಲಿ ಕನ್ನಡ ಓದಲು ಕಲಿತ ಮಗುವೇ ನಾಳೆ ಆ ಮೆಟ್ಟಿಲು ಹತ್ತೀತು.