ಮಕ್ಕಳ ಕೋರ್ಟಿಗೆ ಹಾಜರಾದ ಡಾಕ್ಟರ್

ಕಳೆದ ಸೆಮಿಸ್ಟರ್ ರಜೆಗೆ ಊರಿಗೆ ಹೋದಾಗ ತಂಗಿಯ ಡೈರಿ ಕೈಗೆ ಸಿಕ್ಕಿತು. ಅವಳಿನ್ನೂ ಏಳನೇ ಕ್ಲಾಸು. ಕದ್ದು ಓದಿದ್ದಷ್ಟೇ ಅಲ್ಲ, ರಾತ್ರಿ ಊಟಕ್ಕೆ ಕೂತಾಗ ಅದರಲ್ಲಿದ್ದ ಗುಟ್ಟೊಂದನ್ನು ಎಲ್ಲರೆದುರು ಹೇಳಿ ನಗಿಸಿದೆ. ಅವಳು ತಟ್ಟೆ ಬಿಟ್ಟು ಎದ್ದು ಹೋದಳು. ಚಿಕ್ಕವಳು, ನಾಳೆ ಮರೆಯುತ್ತಾಳೆ ಎಂದರು ಅಪ್ಪ. ಅವಳು ಮರೆಯಲಿಲ್ಲ. ಡೈರಿ ಬರೆಯುವುದನ್ನೇ ಬಿಟ್ಟಳು.

ಕಾಲೇಜಿಗೆ ಮರಳಿದ ಮೇಲೆ ಲೈಬ್ರರಿಯಲ್ಲಿ ಯಾನುಷ್ ಕೋರ್ಚಾಕ್ ಎಂಬ ಡಾಕ್ಟರರ ಜೀವನದ ಬಗ್ಗೆ ಓದಿದೆ. ಅಂದಿನಿಂದ ಆ ರಾತ್ರಿಯ ಊಟ ನನ್ನನ್ನು ಕಾಡುತ್ತಿದೆ.

ಕೋರ್ಚಾಕ್ ಹುಟ್ಟಿದ್ದು ಪೋಲೆಂಡಿನ ವಾರ್ಸಾ ನಗರದ ಯಹೂದಿ ಕುಟುಂಬದಲ್ಲಿ. ನಿಜವಾದ ಹೆಸರು ಹೆನ್ರಿಕ್ ಗೋಲ್ಡ್‌ಶ್ಮಿತ್. ಕೋರ್ಚಾಕ್ ಎಂಬುದು ಬರವಣಿಗೆಗೆ ಇಟ್ಟುಕೊಂಡ ಹೆಸರು. ಅವರು ಹುಟ್ಟಿದ ವರ್ಷ 1878 ಎಂದೂ 1879 ಎಂದೂ ಬರೆಯುತ್ತಾರೆ. ವಕೀಲರಾಗಿದ್ದ ತಂದೆಯೇ ಮಗನ ಜನನ ನೋಂದಣಿಯನ್ನು ಸಕಾಲಕ್ಕೆ ಮಾಡಿಸಿರಲಿಲ್ಲ! ಮುಂದೆ ಆ ತಂದೆ ಮಾನಸಿಕ ಕಾಯಿಲೆಗೆ ತುತ್ತಾಗಿ ತೀರಿಕೊಂಡರು. ಓದುತ್ತಿದ್ದ ಹುಡುಗ ಟ್ಯೂಷನ್ ಹೇಳಿ ಮನೆಗೆ ಆಸರೆಯಾದ. 1905ರಲ್ಲಿ ಡಾಕ್ಟರಾಗಿ, ಮಕ್ಕಳ ಆಸ್ಪತ್ರೆಯಲ್ಲಿ ಕೆಲಸ ಮಾಡಿ ಹೆಸರು ಗಳಿಸಿದ ಕೋರ್ಚಾಕ್, 1912ರಲ್ಲಿ ಯಹೂದಿ ಅನಾಥಾಲಯವೊಂದರ ಹೊಣೆ ಹೊತ್ತರು. ಸ್ಟೆಫಾನಿಯಾ ವಿಲ್ಚಿನ್ಸ್ಕಾ ಅವರಿಗೆ ಜೊತೆಯಾದರು.

ಆ ಮನೆಯಲ್ಲಿ ಮಕ್ಕಳದೇ ಒಂದು ಕೋರ್ಟ್ ಇತ್ತು. ನ್ಯಾಯಾಧೀಶರೂ ಮಕ್ಕಳೇ. ಯಾರ ಮೇಲೆ ಬೇಕಾದರೂ ದೂರು ಕೊಡಬಹುದಿತ್ತು, ದೊಡ್ಡವರ ಮೇಲೂ. ಅಲ್ಲಿನ ಕಾನೂನಿನಲ್ಲಿ ಶಿಕ್ಷೆಗಿಂತ ಕ್ಷಮೆಯ ಕಲಮುಗಳೇ ಹೆಚ್ಚು. ಕೇವಲ ಆರು ತಿಂಗಳಲ್ಲಿ ಕೋರ್ಚಾಕ್ ತಾವೇ ಐದು ಸಲ ಆ ಕೋರ್ಟಿಗೆ ಹಾಜರಾದರು. ಒಬ್ಬ ಹುಡುಗನಿಗೆ ಹೊಡೆದದ್ದಕ್ಕೆ ಒಮ್ಮೆ, ಒಬ್ಬ ಹುಡುಗಿ ಕದ್ದಿದ್ದಾಳೆಂದು ಅನುಮಾನಿಸಿದ್ದಕ್ಕೆ ಇನ್ನೊಮ್ಮೆ.

1926ರಲ್ಲಿ ಅವರು ಮಕ್ಕಳೇ ಬರೆಯುವ ವಾರಪತ್ರಿಕೆ ಶುರು ಮಾಡಿದರು. ದಿನಪತ್ರಿಕೆಯೊಂದರ ಪುರವಣಿಯಾಗಿ ಅದು 1939ರವರೆಗೂ ನಡೆಯಿತು. ಮಕ್ಕಳಿಗೆ ಅನ್ನ, ಔಷಧಿ, ಆಸರೆ ಸಿಗಬೇಕು ಎಂದು 1924ರಲ್ಲಿ ಜಿನೀವಾದಲ್ಲಿ ಲೀಗ್ ಆಫ್ ನೇಷನ್ಸ್ ಘೋಷಣೆ ಹೊರಡಿಸಿತ್ತು. ಕೋರ್ಚಾಕ್‌ಗೆ ಅದು ಸಾಲದು ಅನ್ನಿಸಿತು. ಅದರಲ್ಲಿರುವುದು ದೊಡ್ಡವರ ಕರ್ತವ್ಯ, ಮಕ್ಕಳ ಹಕ್ಕಲ್ಲ ಎಂಬುದು ಅವರ ತಕರಾರು. ಮಗು ನಾಳೆ ಮನುಷ್ಯನಾಗುವುದಲ್ಲ, ಇವತ್ತೇ ಮನುಷ್ಯ ಎಂದು ಅವರು ನಂಬಿದ್ದರು.

ಆಮೇಲೆ ಬಂದರು ನಾಜಿಗಳು. 1940ರಲ್ಲಿ ಇಡೀ ಅನಾಥಾಲಯವನ್ನು ವಾರ್ಸಾದ ಘೆಟ್ಟೋದೊಳಗೆ, ಅಂದರೆ ಯಹೂದಿಗಳನ್ನು ಕೂಡಿಹಾಕಿದ್ದ ಗೋಡೆಯೊಳಗೆ, ತಳ್ಳಿದರು. 1942ರ ಜುಲೈನಲ್ಲಿ ಅಲ್ಲಿನ ಮಕ್ಕಳು ಆಡಿದ್ದು ನಮ್ಮ ರವೀಂದ್ರನಾಥ ಟ್ಯಾಗೋರರ ‘ಡಾಕ್‌ಘರ್’ ನಾಟಕ. ಮನೆಯಿಂದ ಹೊರಗೆ ಹೋಗಬಾರದೆಂದು ಕಟ್ಟುನಿಟ್ಟಾದ, ಕಿಟಕಿಯ ಬಳಿ ಕೂತು ರಾಜನ ಪತ್ರಕ್ಕಾಗಿ ಕಾಯುವ ಹುಡುಗನ ಕಥೆ ಅದು. ಮರು ತಿಂಗಳು ಸುಮಾರು 200 ಮಕ್ಕಳನ್ನು ರೈಲಿನಲ್ಲಿ ಟ್ರೆಬ್ಲಿಂಕಾ ಸಾವಿನ ಶಿಬಿರಕ್ಕೆ ಸಾಗಿಸಿದರು. ಕೋರ್ಚಾಕ್‌ರನ್ನು ಪಾರು ಮಾಡಲು ಗೆಳೆಯರು ಸಿದ್ಧರಿದ್ದರು. ಅವರು ಮಕ್ಕಳನ್ನು ಬಿಟ್ಟು ಹೋಗಲಿಲ್ಲ. ಸ್ಟೆಫಾನಿಯಾ ಕೂಡ.

ಮಕ್ಕಳ ಹಕ್ಕುಗಳಿಗೆ ಅಂತರರಾಷ್ಟ್ರೀಯ ಒಡಂಬಡಿಕೆ ಬೇಕೆಂದು 1978ರಲ್ಲಿ ವಿಶ್ವಸಂಸ್ಥೆಯ ಮುಂದೆ ಪ್ರಸ್ತಾವ ಇಟ್ಟದ್ದು ಅದೇ ಪೋಲೆಂಡ್. 1989ರ ನವೆಂಬರ್ 20ರಂದು ಒಡಂಬಡಿಕೆ ಅಂಗೀಕಾರವಾಯಿತು. 1992ರಲ್ಲಿ ಭಾರತವೂ ಅದಕ್ಕೆ ಸೇರಿತು. ಅದರ 7ನೇ ವಿಧಿ ಹುಟ್ಟಿದ ಕೂಡಲೇ ಮಗುವಿನ ನೋಂದಣಿಯಾಗಬೇಕು ಎನ್ನುತ್ತದೆ. 12ನೇ ವಿಧಿ ಮಗುವಿಗೆ ಸಂಬಂಧಿಸಿದ ವಿಷಯದಲ್ಲಿ ಅದರ ಮಾತು ಕೇಳಬೇಕು ಎನ್ನುತ್ತದೆ. 13ನೆಯದು ಅಭಿವ್ಯಕ್ತಿ ಸ್ವಾತಂತ್ರ್ಯ. 16ನೆಯದು ಖಾಸಗಿತನ: ಮಗುವಿನ ಪತ್ರ, ಮನೆ, ಮರ್ಯಾದೆಯ ಮೇಲೆ ಯಾರೂ ಮನಬಂದಂತೆ ಕೈಹಾಕುವಂತಿಲ್ಲ. ಇದನ್ನು ಓದುವಾಗ ನನಗೆ ನೆನಪಾದದ್ದು ತಂಗಿಯ ಡೈರಿ.

ಹಕ್ಕು ಎಂದರೆ ಕೋರ್ಟು, ಸರ್ಕಾರಕ್ಕೆ ಸೇರಿದ್ದು ಎಂದುಕೊಂಡಿದ್ದೆ. ಅದು ನಮ್ಮ ಮನೆಯ ಊಟದ ಪಂಕ್ತಿಯಲ್ಲೇ ಮುರಿದಿತ್ತು, ಮುರಿದದ್ದು ನಾನೇ. ಮೊನ್ನೆ ಫೋನ್ ಮಾಡಿ ತಂಗಿಗೆ ಕೋರ್ಚಾಕ್ ಕಥೆ ಹೇಳಿದೆ, ತಪ್ಪಾಯಿತು ಎಂದೆ. ಸ್ವಲ್ಪ ಹೊತ್ತು ಸುಮ್ಮನಿದ್ದಳು. ಆಮೇಲೆ, ದೂರು ಬರೆದಿಡುತ್ತೇನೆ, ದಸರಾ ರಜೆಗೆ ಬಂದಾಗ ವಿಚಾರಣೆ ಎಂದಳು. ಹಾಜರಾಗುತ್ತೇನೆ.