ರೇಷ್ಮೆ ಕಲಿಸಲು ಶಾಲೆ ತೆರೆದ ಜಮ್‌ಶೆಟ್‌ಜಿ ಟಾಟಾ

ಸುವರ್ಣ ಮಹೋತ್ಸವದ ಸಂಚಿಕೆಗೆ ಮಹನೀಯರೊಬ್ಬರ ಪರಿಚಯ ಬರೆದುಕೊಡಿ ಎಂದು ಸಂಪಾದಕ ಮಂಡಳಿಯ ಗೆಳೆಯರು ಕೇಳಿದಾಗ ನಾನು ಜಮ್‌ಶೆಟ್‌ಜಿ ಟಾಟಾ ಅವರ ಹೆಸರು ಹೇಳಿದೆ. ಉಕ್ಕಿನ ಕಾರ್ಖಾನೆಯವರಿಗೂ ನಮ್ಮ ಕೆಂಗೇರಿ ಸೀಮೆಗೂ ಏನು ನಂಟು ಎಂದು ಕೆಲವರು ನಕ್ಕರು. ನಂಟು ಇದೆ. ಮೈಸೂರು ರಸ್ತೆಯ ಈ ಮಗ್ಗುಲಿನಲ್ಲಿ ಹುಟ್ಟಿ ಬೆಳೆದ ನನ್ನ ವಯಸ್ಸಿನವರಲ್ಲಿ ಅನೇಕರು ಬೆಳಿಗ್ಗೆ ಎದ್ದು ಹಿಪ್ಪುನೇರಳೆ ಸೊಪ್ಪು ಕೊಯ್ದು, ಹುಳುವಿಗೆ ಹಾಕಿ, ಆಮೇಲೆ ಶಾಲೆಗೆ ಬಂದವರು. ನೋಟ್‌ಬುಕ್ಕು, ಅಕ್ಕನ ಮದುವೆ, ಅಂಗಡಿಯ ಸಾಲ, ಎಲ್ಲವೂ ಗೂಡಿನ ದುಡ್ಡಿಗೇ ಕಾಯುತ್ತಿದ್ದವು. ಹುಳು ನಾಲ್ಕನೇ ಜ್ವರ ಎದ್ದು ಇನ್ನೇನು ಹಣ್ಣಾಗಬೇಕು ಎನ್ನುವಾಗ ರೋಗ ಬಿದ್ದರೆ ತಟ್ಟೆ ತಟ್ಟೆಯನ್ನೇ ತಿಪ್ಪೆಗೆ ಸುರಿಯಬೇಕು. ಆ ಸಂಕಟ ಕಂಡವರಿಗೆ ಟಾಟಾ ಅವರು ಬೆಂಗಳೂರಿನಲ್ಲಿ ಮಾಡಿದ ಒಂದು ಕೆಲಸದ ಬೆಲೆ ಬೇಗ ತಿಳಿಯುತ್ತದೆ.

ಅವರು ಹುಟ್ಟಿದ್ದು 1839ರ ಮಾರ್ಚ್ 3ರಂದು, ಗುಜರಾತಿನ ನವಸಾರಿಯಲ್ಲಿ. ಪಾರ್ಸಿ ಪುರೋಹಿತರ ಮನೆತನ. ತಂದೆ ನುಸ್ಸರ್‌ವಾನ್‌ಜಿ ಪೌರೋಹಿತ್ಯ ಬಿಟ್ಟು ಬೊಂಬಾಯಿಗೆ ಬಂದು ವ್ಯಾಪಾರ ಹಿಡಿದರು. ಮಗ ಎಲ್ಫಿನ್‌ಸ್ಟನ್ ಕಾಲೇಜಿನಲ್ಲಿ ಓದು ಮುಗಿಸಿ ಅದೇ ವ್ಯಾಪಾರಕ್ಕೆ ಸೇರಿದರು. ಅಂದಿನ ಅನೇಕ ಬೊಂಬಾಯಿ ವರ್ತಕರಂತೆ ಈ ಮನೆತನದ ಚೀನಾ ವ್ಯಾಪಾರದಲ್ಲಿ ಹತ್ತಿಯ ಜತೆ ಅಫೀಮೂ ಇತ್ತು. ಅಬಿಸೀನಿಯಾಕ್ಕೆ ಹೊರಟ ಬ್ರಿಟಿಷ್ ಸೈನ್ಯಕ್ಕೆ ಸಾಮಾನು ಒದಗಿಸಿದ ಗುತ್ತಿಗೆಯ ಲಾಭದಲ್ಲೂ ತಂದೆಗೆ ಪಾಲು ಸಿಕ್ಕಿತು. ದಾನಿಯ ಬಗ್ಗೆ ಮಕ್ಕಳಿಗೆ ಹೇಳುವಾಗ ದುಡ್ಡು ಬಂದ ದಾರಿಯನ್ನೂ ಹೇಳಬೇಕು ಎಂಬುದು ನನ್ನ ಅಭಿಪ್ರಾಯ. ಅದರಿಂದ ಅವರು ಚಿಕ್ಕವರಾಗುವುದಿಲ್ಲ.

1877ರ ಜನವರಿ 1ರಂದು ನಾಗಪುರದಲ್ಲಿ ಎಂಪ್ರೆಸ್ ಮಿಲ್ ಶುರುವಾಯಿತು. ಎಲ್ಲರೂ ಬೊಂಬಾಯಿಯಲ್ಲೇ ಗಿರಣಿ ಕಟ್ಟುತ್ತಿದ್ದಾಗ ಇವರು ಹತ್ತಿ ಬೆಳೆಯುವ ಹೊಲಗಳ ನಡುವೆ ಕಟ್ಟಿದರು. ಕೆಲಸಗಾರರಿಗೆ 1886ರಲ್ಲೇ ಪಿಂಚಣಿ ನಿಧಿ ಮಾಡಿದರು. ಹತ್ತಿಯವರಾದ್ದರಿಂದ ಬೇಸಾಯದ ಮೇಲೂ ಕಣ್ಣು. ಈಜಿಪ್ಟಿನ ಉದ್ದ ಎಳೆಯ ಹತ್ತಿಯನ್ನು ನಮ್ಮ ದೇಶದಲ್ಲಿ ಬೆಳೆಯಬಹುದೆಂದು ಪುಸ್ತಿಕೆ ಬರೆದು ಹಂಚಿದರು, ಬೆಳೆಸಿಯೂ ನೋಡಿದರು. ಅಂದುಕೊಂಡಂತೆ ಅದು ಕೈಗೂಡಲಿಲ್ಲ.

1893ರಲ್ಲಿ ಅವರು ಜಪಾನಿಗೆ ಹೋದರು. ಅಲ್ಲಿಂದ ಅಮೆರಿಕದ ಕಡೆಗೆ ಹೊರಟ ಹಡಗಿನಲ್ಲಿ ಸ್ವಾಮಿ ವಿವೇಕಾನಂದರು ಜತೆಗಿದ್ದರೆಂಬುದು ಎಲ್ಲರಿಗೂ ಗೊತ್ತಿರುವ ಕಥೆ. ಜಪಾನಿನಲ್ಲಿ ಅವರ ಗಮನ ಸೆಳೆದದ್ದು ಅಲ್ಲಿಯ ರೇಷ್ಮೆ. ಸಣ್ಣ ಹಿಡುವಳಿಯ ರೈತರು ಮನೆಯೊಳಗೇ ಹುಳು ಸಾಕಿ ಇಡೀ ದೇಶಕ್ಕೆ ವಿದೇಶದ ಹಣ ತರುತ್ತಿದ್ದರು.

ನಮ್ಮಲ್ಲಿ ರೇಷ್ಮೆ ಇರಲಿಲ್ಲವೆಂದಲ್ಲ. ಟಿಪ್ಪು ಸುಲ್ತಾನರ ಕಾಲದಲ್ಲೇ ಮೈಸೂರು ಸೀಮೆಗೆ ಬಂದಿತ್ತು. ಆದರೆ 19ನೇ ಶತಮಾನದ ನಡುವಿನಿಂದ ರೋಗ ಹೊಕ್ಕು ರೇಷ್ಮೆ ಸೊರಗಿತ್ತು. 1860ರ ದಶಕದಲ್ಲಿ ದೆ ವೆಕ್ಕಿ ಎಂಬ ಇಟಲಿಯವರು ಜಪಾನಿನಿಂದ ಮೊಟ್ಟೆ ತರಿಸಿ ತಳಿ ಸುಧಾರಿಸಲು ಹೊರಟರೂ ಅದು ನಿಲ್ಲಲಿಲ್ಲ. ಗಂಟುರೋಗ ಎಂದು ನಾವು ಕರೆಯುವ ಕಾಯಿಲೆಯ ಗುಟ್ಟೇ ಹಾಗೆ: ತಾಯಿ ಚಿಟ್ಟೆಯಿಂದ ಮೊಟ್ಟೆಗೆ, ಮೊಟ್ಟೆಯಿಂದ ಹುಳುವಿಗೆ ಬರುತ್ತದೆ. ಮೊಟ್ಟೆ ನೋಡಿದರೆ ಏನೂ ಕಾಣದು. ಚಿಟ್ಟೆ ಮೊಟ್ಟೆಯಿಟ್ಟ ಮೇಲೆ ಅದನ್ನು ಅರೆದು ಸೂಕ್ಷ್ಮದರ್ಶಕದಲ್ಲಿ ನೋಡಬೇಕು, ರೋಗವಿದ್ದರೆ ಆ ಮೊಟ್ಟೆಯನ್ನು ಸುಡಬೇಕು. ಫ್ರಾನ್ಸಿನಲ್ಲಿ ಲೂಯಿ ಪ್ಯಾಶ್ಚರ್ ಇದನ್ನು ತೋರಿಸಿ ಆಗಲೇ ಎಷ್ಟೋ ವರ್ಷ ಕಳೆದಿತ್ತು. ನಮ್ಮ ಹಳ್ಳಿಗೆ ಬಂದು ಹೇಳುವವರು ಇರಲಿಲ್ಲ.

1890ರ ದಶಕದ ಕೊನೆಯ ವರ್ಷಗಳಲ್ಲಿ ಟಾಟಾ ಅವರು ಬೆಂಗಳೂರಿನ ದಕ್ಷಿಣಕ್ಕೆ, ಬಸವನಗುಡಿಯ ಆಚೆ, ರೇಷ್ಮೆ ಫಾರಂ ತೆರೆದರು. ದಿವಾನ್ ಶೇಷಾದ್ರಿ ಅಯ್ಯರ್ ಅವರ ಮೈಸೂರು ಸರ್ಕಾರ ಜಮೀನು ಕೊಟ್ಟು ವರ್ಷಕ್ಕಿಷ್ಟು ಎಂದು ಸಹಾಯಧನವನ್ನೂ ಕೊಟ್ಟಿತು. ಜಪಾನಿನಿಂದ ಓಡ್ಜು ಎಂಬ ದಂಪತಿ ಬಂದರು. ಹಿಪ್ಪುನೇರಳೆ ಬೆಳೆಸುವುದು, ಹುಳು ಸಾಕುವುದು, ರೋಗ ಗುರುತಿಸುವುದು, ಗೂಡಿನಿಂದ ನೂಲು ಬಿಚ್ಚುವುದು, ಇವನ್ನೆಲ್ಲ ಕಲಿಸುವುದು ಅವರ ಕೆಲಸ. ಗಂಡ ಹೆಂಡತಿ ಇಬ್ಬರನ್ನೂ ಕರೆಸಿದ್ದು ನನಗೆ ಬಹಳ ಹಿಡಿಸಿದ ಸಂಗತಿ. ನಮ್ಮ ಮನೆಗಳಲ್ಲೂ ಹುಳು ಸಾಕಾಣಿಕೆ ಅಮ್ಮ, ಅಜ್ಜಿಯರ ಕೈಯಲ್ಲೇ ಇದ್ದದ್ದಲ್ಲವೇ? ಮನೆಮನೆಗೆ ಹಣ ಹಂಚಿದ್ದರೆ ಅದು ಒಂದು ಬೆಳೆಗೆ ಮುಗಿಯುತ್ತಿತ್ತು. ಇವರು ಕೈಕೆಲಸ ಕಲಿಸಲು ಜಾಗ ಮಾಡಿದರು. ಹೊರ ಪ್ರಾಂತ್ಯಗಳಿಂದಲೂ ಜನ ಬಂದು ಇಲ್ಲಿ ಕಲಿತು ಹೋದರು.

ಅದೇ ಹೊತ್ತಿಗೆ ಇನ್ನೂ ದೊಡ್ಡದೊಂದು ಯೋಚನೆ ನಡೆದಿತ್ತು. ದೇಶದ ಯುವಕರು ಇಲ್ಲೇ ವಿಜ್ಞಾನದಲ್ಲಿ ಸಂಶೋಧನೆ ಮಾಡಲು ಒಂದು ಸಂಸ್ಥೆ ಬೇಕೆಂದು 1898ರಲ್ಲಿ ತಮ್ಮ ಆಸ್ತಿಯಲ್ಲಿ 30 ಲಕ್ಷ ರೂಪಾಯಿ ಬೆಲೆಬಾಳುವಷ್ಟನ್ನು ತೆಗೆದಿಟ್ಟರು. ವೈಸ್‌ರಾಯ್ ಕರ್ಜನ್ ಅವರಿಗೆ ಅನುಮಾನ. ಕಡತ ವರ್ಷಗಟ್ಟಲೆ ಓಡಾಡಿತು. 1904ರ ಮೇ 19ರಂದು ಜರ್ಮನಿಯ ಬಾಡ್ ನೌಹೈಮ್ ಊರಿನಲ್ಲಿ ಟಾಟಾ ತೀರಿಕೊಂಡಾಗ ಸಂಸ್ಥೆಯ ಒಂದು ಕಲ್ಲೂ ಎದ್ದಿರಲಿಲ್ಲ. ಮಕ್ಕಳಾದ ದೊರಾಬ್‌ಜಿ ಮತ್ತು ರತನ್‌ಜಿ ಮಾತು ಉಳಿಸಿದರು. ಮೈಸೂರು ಸರ್ಕಾರ 371 ಎಕರೆ ಕೊಟ್ಟಿತು. 1909ರಲ್ಲಿ ಸಂಸ್ಥೆ ಕಾಗದದ ಮೇಲೆ ಹುಟ್ಟಿ, 1911ರಲ್ಲಿ ನಾಲ್ವಡಿ ಕೃಷ್ಣರಾಜ ಒಡೆಯರು ಅಡಿಗಲ್ಲು ಹಾಕಿದರು. ರಾಜಾಜಿನಗರದಿಂದ ಯಶವಂತಪುರದ ಕಡೆ ಹೋಗುವ ಹಿರಿಯರು ಈಗಲೂ ಟಾಟಾ ಇನ್‌ಸ್ಟಿಟ್ಯೂಟ್ ಎಂದೇ ಕರೆಯುವ ಜಾಗ ಅದು.

ಅಲ್ಲಿ ಅನ್ನದ ವಿಚಾರವೂ ನಡೆಯಿತು. 1933ರಲ್ಲಿ ಕಮಲಾ ಭಾಗವತ್ ಎಂಬ ಹುಡುಗಿ ಬಂದಾಗ, ಹೆಣ್ಣೆಂಬ ಕಾರಣಕ್ಕೆ ನಿರ್ದೇಶಕ ಸಿ.ವಿ. ರಾಮನ್ ಸೇರಿಸಿಕೊಳ್ಳಲು ಒಪ್ಪಲಿಲ್ಲ. ಆಕೆ ಬಿಡಲಿಲ್ಲ. ಒಂದು ವರ್ಷ ಪರೀಕ್ಷಾರ್ಥವಾಗಿ ಎಂಬ ಷರತ್ತಿನ ಮೇಲೆ ಒಳಗೆ ಬಂದು ಹಾಲು, ಬೇಳೆಕಾಳುಗಳ ಪ್ರೋಟೀನಿನ ಮೇಲೆ ಕೆಲಸ ಮಾಡಿದರು. ನಮ್ಮ ಶಾಲೆಯ ಹೆಣ್ಣುಮಕ್ಕಳು ಈ ಹೆಸರನ್ನು ನೆನಪಿಟ್ಟುಕೊಳ್ಳಲಿ. ಅಲ್ಲೇ ಸೋಯಾ ಅವರೆಯ ಹಾಲಿನ ಮೇಲೆ ಸಂಶೋಧನೆ ಮಾಡಿದ ವಿ. ಸುಬ್ರಹ್ಮಣ್ಯನ್ ಅವರು ಮುಂದೆ ಮೈಸೂರಿನ ಆಹಾರ ಸಂಶೋಧನಾಲಯದ ಮೊದಲ ನಿರ್ದೇಶಕರಾದರು.

ರೇಷ್ಮೆ ಫಾರಂ ಬಹಳ ಕಾಲ ಟಾಟಾ ಅವರ ಕೈಯಲ್ಲಿ ಉಳಿಯಲಿಲ್ಲ. ಅವರು ತೀರಿಕೊಂಡ ಕೆಲವು ವರ್ಷಗಳಿಗೆ ಸಾಲ್ವೇಶನ್ ಆರ್ಮಿಯವರು ವಹಿಸಿಕೊಂಡರು. ಇಂದು ಟಾಟಾ ಸಿಲ್ಕ್ ಫಾರಂ ಎಂಬುದು ಬಡಾವಣೆಯ ಹೆಸರು. ಹುಡುಕಿದರೂ ಹಿಪ್ಪುನೇರಳೆ ಕಡ್ಡಿ ಸಿಗದು. ನಮ್ಮ ಕಡೆಯ ತೋಟಗಳೂ ಸೈಟುಗಳಾದವು. ಬಿಡದಿ ದಾಟಿ ರಾಮನಗರದ ದಿಕ್ಕಿಗೆ ಹೋದರೆ ಇನ್ನೂ ಹುಳುಮನೆಗಳಿವೆ. ಅಲ್ಲಿಯ ರೈತ ಬಿತ್ತನೆ ಕೋಠಿಯಿಂದ ತರುವ ಮೊಟ್ಟೆ, ತಾಯಿ ಚಿಟ್ಟೆಯನ್ನು ಅರೆದು ಸೂಕ್ಷ್ಮದರ್ಶಕದಲ್ಲಿ ನೋಡಿದ ಮೇಲೆಯೇ ಅವನ ಕೈಗೆ ಬರುತ್ತದೆ.